ರುಬಿಡಿಯಂ ವೇಪರ್ ಸೆಲ್: ಕಾಲೇಜು ಲ್ಯಾಬಿಗೆ ಮಿಶ್ರಣವೇ ಸಾಕು

ತುಮಕೂರಿನ ಎಂ.ಎಸ್ಸಿ ಭೌತಶಾಸ್ತ್ರ ಲ್ಯಾಬುಗಳಿಗೆ ರುಬಿಡಿಯಂ ಸೆಲ್ (ರುಬಿಡಿಯಂ ಲೋಹದ ಆವಿ ತುಂಬಿ ಮುಚ್ಚಿದ ಗಾಜಿನ ಕೊಳವೆ) ಕೊಳ್ಳುವಾಗ ಮೊದಲು ಏಳುವ ಪ್ರಶ್ನೆ: ನಿಸರ್ಗದಲ್ಲಿ ಇರುವ ಹಾಗೇ ಎರಡು ಐಸೋಟೋಪು (ತೂಕ ಬೇರೆಯಾದ ಒಂದೇ ಧಾತುವಿನ ರೂಪಗಳು) ಬೆರೆತದ್ದೋ, ರುಬಿಡಿಯಂ-87 ಮಾತ್ರ ಬೇರ್ಪಡಿಸಿದ್ದೋ? ನಮ್ಮ ಓಟು ಮಿಶ್ರಣಕ್ಕೆ. ಎರಡನೆಯದಕ್ಕೆ ಕೊಡುವ ಹೆಚ್ಚಿನ ದುಡ್ಡು ಪಾಠಕ್ಕೆ ದಕ್ಕುವುದಿಲ್ಲ.

25 ಮಿ.ಮೀ. ವ್ಯಾಸ, 75 ಮಿ.ಮೀ. ಉದ್ದದ ಗಾಜಿನ ಸೆಲ್ ಸಾಕು. ಮಿಶ್ರಣದಲ್ಲಿ ರುಬಿಡಿಯಂ-85 ಶೇ. 72.2, ರುಬಿಡಿಯಂ-87 ಶೇ. 27.8. ಲೇಸರನ್ನು 780.24 ನ್ಯಾನೋಮೀಟರ್ ಆಸುಪಾಸಿನಲ್ಲಿ ಸ್ಕ್ಯಾನ್ ಮಾಡಿದರೆ ಆವಿ ಬೆಳಕನ್ನು ಹೀರುವ ಕಡೆ ನಾಲ್ಕು ತಗ್ಗು ಕಾಣುತ್ತವೆ. ಹೊರಗಿನ ಎರಡು 87ರವು, ಸುಮಾರು ಆರೂವರೆ ಗಿಗಾಹರ್ಟ್ಸ್ ಅಂತರ. ಒಳಗಿನ ಎರಡು 85ರವು, 3ರ ಹತ್ತಿರ. ಮೋಡ್ ಹಾರದೆ (ಆವರ್ತನ ನಡುವೆ ಥಟ್ಟನೆ ಜಿಗಿಯದೆ) 8 ಗಿಗಾಹರ್ಟ್ಸ್ ಓಡುವ ಲೇಸರ್ ಇಲ್ಲದಿದ್ದರೆ ನಾಲ್ಕೂ ಒಟ್ಟಿಗೆ ಆಸಿಲೋಸ್ಕೋಪಿಗೆ ಬರುವುದಿಲ್ಲ. ಸೆಲ್ಲನ್ನು ದೂರುವ ಮುನ್ನ ಲೇಸರನ್ನು ಪರೀಕ್ಷಿಸಿ.

ಚಳಿಗಾಲದ ಬೆಳಗ್ಗೆ ತಗ್ಗುಗಳು ಆಳವಿರುವುದಿಲ್ಲ. 10 ಡಿಗ್ರಿ ಇಳಿದರೆ ಆವಿಯ ಸಾಂದ್ರತೆ ಅರ್ಧಕ್ಕೂ ಕೆಳಗೆ ಹೋಗುತ್ತದೆ. ಹೀಟರ್ ಸುತ್ತುವಾಗ ಕಿಟಕಿಗಳು (ಬೆಳಕು ಹಾಯುವ ತುದಿಯ ಗಾಜು) ಬೆಚ್ಚಗಿರಲಿ, ತಂಪು ಜಾಗ ಸೆಲ್ಲಿನ ಬಾಲದಲ್ಲಿರಲಿ (ಚಾಚಿಕೊಂಡ ಮುಚ್ಚಿದ ತುದಿಯಲ್ಲಿ). ಉಲ್ಟಾ ಆದರೆ ಲೋಹ ಕಿಟಕಿಗೇ ಅಂಟಿ ಕನ್ನಡಿಯಂತೆ ಮಿನುಗುತ್ತದೆ. ಐಸೊಲೇಟರಿನ (ಲೇಸರಿಗೆ ಬೆಳಕು ಮರಳದಂತೆ ತಡೆಯುವ ಸಾಧನದ) ಅಯಸ್ಕಾಂತ ಸೆಲ್ಲಿನ ಪಕ್ಕ ಬೇಡ, ಗೆರೆಗಳು (ಆವಿ ಹೀರುವ ಆವರ್ತನಗಳು) ಸೀಳುತ್ತವೆ. ಕಿಟಕಿಗಳು ಸ್ವಲ್ಪ ಓರೆಯಾಗಿರುವ ಸೆಲ್ಲನ್ನೇ ಕೇಳಿ, ಇಲ್ಲದಿದ್ದರೆ ಪ್ರತಿಫಲನದ ಅಲೆಗಳು ಗೆರೆಗಳ ಮೇಲೆ ಕೂತು ಗೊಂದಲ ಮಾಡುತ್ತವೆ. ಲೇಸರಿನ ಈ ಬೆಳಕು ಕಣ್ಣಿಗೆ ಕಂಡೂ ಕಾಣದಷ್ಟು. ಅಪಾಯ ಮಾತ್ರ ಪೂರ್ತಿ ಇದೆ.

ಒಂದು ತಪ್ಪು ನಿರೀಕ್ಷೆ ಬಿಡಿ. ಐಸೋಟೋಪ್ ಬದಲಾದರೆ ಕಡಿಮೆ ಶಕ್ತಿಯ ಡಿಕ್ಕಿ ಹೇಗೆ ಬದಲಾಗುತ್ತದೆ ಎಂಬುದು ಈ ಸೆಲ್ಲಿನಲ್ಲಿ ಕಾಣುವುದಿಲ್ಲ. ಕೋಣೆಯ ಬಿಸಿಯಲ್ಲಿ ಪರಮಾಣು ಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತದೆ, ಇನ್ನೊಂದು ಪರಮಾಣುವಿಗೆ ಬಡಿಯುವ ಮೊದಲೇ ಗೋಡೆಗೆ ಬಡಿಯುತ್ತದೆ. ವ್ಯತ್ಯಾಸ ಬಯಲಾಗುವುದು ಪರಮ ಶೂನ್ಯ ತಾಪದ ಹತ್ತಿರ, ಮೈಕ್ರೋಕೆಲ್ವಿನ್‌ನಲ್ಲಿ. ಅಲ್ಲಿ ಎಸ್-ಅಲೆ (ಸುತ್ತುವಿಕೆ ಇಲ್ಲದ ನೇರ ಡಿಕ್ಕಿ) ಮಾತ್ರ ಉಳಿದು, ಇಡೀ ಡಿಕ್ಕಿ ಸ್ಕ್ಯಾಟರಿಂಗ್ ಲೆಂತ್ ಎಂಬ ಒಂದೇ ಸಂಖ್ಯೆಗೆ ಇಳಿಯುತ್ತದೆ. 87ಕ್ಕೆ ಅದು ಸುಮಾರು +100 ಬೋರ್ ತ್ರಿಜ್ಯ (ಹೈಡ್ರೋಜನ್ ಪರಮಾಣುವಿನ ಗಾತ್ರದ ಅಳತೆ). 85ಕ್ಕೆ ಋಣ, ನೂರಾರು ಬೋರ್ ತ್ರಿಜ್ಯ. ಎಲೆಕ್ಟ್ರಾನುಗಳು ಕಟ್ಟುವ ಸೆಳೆತದ ಬಾವಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ತೂಕದ ವ್ಯತ್ಯಾಸ ಶೇ. 2.4. ಆದರೆ ಪರಮಾಣುವಿನ ಕ್ವಾಂಟಂ ಅಲೆ ಆ ಆಳದ ಬಾವಿಯೊಳಗೆ ಹತ್ತಾರು ಸಲ ಮಡಿಚಿ ಹೊರಬರುವಷ್ಟರಲ್ಲಿ ಈ ಚಿಕ್ಕ ವ್ಯತ್ಯಾಸ ಕೂಡುತ್ತಾ ಹೋಗಿ, ಬಾವಿಯ ತುದಿಯಲ್ಲಿರುವ ಕೊನೆಯ ಬಂಧಸ್ಥಿತಿಯನ್ನೇ (ಎರಡು ಪರಮಾಣು ಅಂಟಿ ನಿಲ್ಲುವ ಶಕ್ತಿಮಟ್ಟವನ್ನೇ) ಸರಿಸಿಬಿಡುತ್ತದೆ. ಚಿಹ್ನೆ ತಿರುಗುವುದು ಅದರಿಂದ. ಋಣವಾದರೆ ಪರಮಾಣುಗಳು ಒಂದನ್ನೊಂದು ಸೆಳೆದು ದೊಡ್ಡ ಮೋಡ ಕುಸಿಯುತ್ತದೆ. ಹಾಗಾಗಿಯೇ 1995ರಲ್ಲಿ ಅಮೆರಿಕದ ಬೌಲ್ಡರಿನಲ್ಲಿ ಮೊದಲು ಕಂಡೆನ್ಸೇಟ್ (ಪರಮಾಣುಗಳೆಲ್ಲ ಒಂದೇ ಕ್ವಾಂಟಂ ಸ್ಥಿತಿಗೆ ಇಳಿದ ಗುಂಪು) ಆದದ್ದು 87. ಹೆಚ್ಚು ಸಿಗುವ 85 ಮಣಿದದ್ದು 2000ದಲ್ಲಿ, ಸುಮಾರು 155 ಗೌಸ್ ಬಳಿಯ ಫೆಶ್‌ಬಾಕ್ ಅನುರಣನದಿಂದ (ಕಾಂತಕ್ಷೇತ್ರ ಬದಲಿಸಿ ಡಿಕ್ಕಿಯನ್ನು ತಿದ್ದುವ ವಿಧಾನ) ಡಿಕ್ಕಿಯ ಚಿಹ್ನೆಯನ್ನೇ ತಿರುಗಿಸಿದ ಮೇಲೆ.

ಮುಂದೆ ಲೇಸರ್ ಬಲೆ (ಪರಮಾಣುಗಳನ್ನು ತಂಪಾಗಿಸಿ ಹಿಡಿಯುವ ವ್ಯವಸ್ಥೆ) ಕಟ್ಟುವ ಯೋಚನೆ ಇದ್ದರೂ ಮಿಶ್ರಣ ಅಡ್ಡಿಯಲ್ಲ. ಎರಡು ಐಸೋಟೋಪಿನ ಗೆರೆಗಳು ಗಿಗಾಹರ್ಟ್ಸ್ ಲೆಕ್ಕದಲ್ಲಿ ದೂರ, ಸಹಜ ಗೆರೆಯ ಅಗಲ 6 ಮೆಗಾಹರ್ಟ್ಸ್ ಮಾತ್ರ. ಲೇಸರನ್ನು ಯಾವುದಕ್ಕೆ ಲಾಕ್ ಮಾಡುತ್ತೀರೋ ಅದೇ ಬಲೆಗೆ ಬೀಳುತ್ತದೆ. ಪೊಟ್ಯಾಸಿಯಂ ಕತೆ ಬೇರೆ: ಫರ್ಮಿಯಾನ್ (ಒಂದೇ ಸ್ಥಿತಿಯಲ್ಲಿ ಎರಡು ಕೂರದ ಜಾತಿ) ಆದ ಪೊಟ್ಯಾಸಿಯಂ-40 ನಿಸರ್ಗದಲ್ಲಿ ಶೇ. 0.0117 ಮಾತ್ರ. ಅಲ್ಲಿ ಸಮೃದ್ಧಗೊಳಿಸಿದ ಮಾಲಿಗೇ ದುಡ್ಡು ಕೊಡಿ.