ಬೆಳೆ ಪರಿಹಾರ 'ಮಾಡಿಸಿ ಕೊಡ್ತೇನೆ' ಎನ್ನುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದವರು ದಯವಿಟ್ಟು ಓದಿ. ನಿಮ್ಮ ಬೆಳೆ ಹಾನಿ ಪರಿಹಾರ ಬೆಂಗಳೂರಲ್ಲಿ ನಿಂತಿದೆ, ಸ್ವಲ್ಪ ಖರ್ಚು ಮಾಡಿದರೆ ಬಿಡಿಸ್ತೇನೆ ಅಂತ ಯಾರಾದರೂ ಫೋನ್ ಮಾಡಿದರೆ ಅಲ್ಲೇ ಇಟ್ಟುಬಿಡಿ. ಅಂಥವನೊಬ್ಬ ನನ್ನ ಹತ್ತಿರ ಎರಡು ಸಾವಿರ ಹೊಡೆದಿದ್ದಾನೆ. ಊರಲ್ಲಿ ಹೇಳಿಕೊಳ್ಳಲು ನಾಚಿಕೆ. ಆದರೂ ಹೇಳುತ್ತೇನೆ.

ಮಳೆಗಾಲದಲ್ಲಿ ಹಳ್ಳ ನುಗ್ಗಿ ನಮ್ಮ ಅಡಿಕೆ ತೋಟದ ಕೆಳಗಿನ ಒಂದು ಎಕರೆ ಹಾಳಾಯಿತು. ಕಂದಾಯದವರು ಬಂದು ಫೋಟೋ ತೆಗೆದರು. ಪಹಣಿ, ಆಧಾರ್, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಎಲ್ಲ ಕೊಟ್ಟಾಯಿತು. ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಲೆಕ್ಕದಲ್ಲಿ ಆಗ ಹೆಕ್ಟೇರಿಗೆ 22,500 ರೂಪಾಯಿ ಇತ್ತು. ಎಕರೆಗೆ ಒಂಬತ್ತು ಸಾವಿರ ಆಯಿತು. ಮಣ್ಣು ತೆಗೆಸಿದ ಜೆಸಿಬಿ ಬಾಡಿಗೆಗೇ ಸಾಲದು, ಇರಲಿ.

ನಾನು ಬರೆದುಕೊಟ್ಟ ಖಾತೆಯ ಬ್ಯಾಂಕಿನಲ್ಲಿ ಕೇಳಿದರೆ ಜಮಾ ಆಗಿಲ್ಲ. ಕಚೇರಿಯಲ್ಲಿ ಕೇಳಿದರೆ 'ಮೇಲಿಂದ ಬರಬೇಕು'. ಆಗ ಬಂತು ಇವನ ಫೋನ್. ಪೇಟೆಯಲ್ಲಿ ಆನ್‌ಲೈನ್ ಅರ್ಜಿ ಹಾಕುವವನು, ನಮ್ಮ ಎಫ್‌ಐಡಿ ಮಾಡಿಸಿದ್ದೂ ಅವನ ಹತ್ತಿರವೇ. "ಅಣ್ಣಾ, ನಿಮ್ಮದು ಒಂಬತ್ತು ಸಾವಿರ ಅಲ್ವಾ? ಹೋಲ್ಡ್ ಆಗಿದೆ. ಎರಡು ಸಾವಿರ ಕೊಡಿ, ಕ್ಲಿಯರ್ ಮಾಡಿಸ್ತೇನೆ." ಮೊತ್ತವನ್ನು ಅಷ್ಟು ಸರಿಯಾಗಿ ಹೇಳಿದರೆ ಯಾರಾದರೂ ನಂಬುತ್ತಾರೆ. ಫೋನ್‌ಪೇ ಬೇಡ, ಕೈಗೇ ಕೊಡಿ ಅಂದ. ಕೊಟ್ಟೆ.

ಕೆಲವು ದಿನ ಬಿಟ್ಟು ಮತ್ತೆ ಫೋನ್. "ಆಯ್ತು ನೋಡಿ, ನಿಮ್ಮ ಜನಧನ್ ಖಾತೆಗೆ ಹಾಕಿಸಿದ್ದೇನೆ." ಅದು ವರ್ಷಗಟ್ಟಲೆ ಮುಟ್ಟದ ಖಾತೆ. ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ಹೌದು, 9,000 ಇದೆ. ಖುಷಿಯೇ ಆಯಿತು ಮಾರಾಯ್ರೆ. ಮಡಚುವಾಗ ಎಡಗಡೆಯ ತಾರೀಕು ಕಂಡಿತು. ಅವನು ಮೊದಲ ಸಲ ಫೋನ್ ಮಾಡಿದ್ದಕ್ಕಿಂತ ಎಷ್ಟೋ ಮೊದಲೇ ಹಣ ಬಂದು ಬಿದ್ದಿತ್ತು! ಕೌಂಟರ್ ಎದುರೇ ಮೈಯೆಲ್ಲ ಉರಿದುಹೋಯಿತು. ನನ್ನ ಖಾತೆಯಲ್ಲಿದ್ದ ನನ್ನ ಹಣಕ್ಕೇ ನನ್ನಿಂದ ಕಮಿಷನ್.

ಕೇಳಿದರೆ ಮೊದಲು, "ಸಿಸ್ಟಮ್‌ನಲ್ಲಿ ಹಳೇ ತಾರೀಕೇ ತೋರಿಸ್ತದೆ ಅಣ್ಣಾ." ಪಾಸ್‌ಬುಕ್ ಮುಂದಿಟ್ಟೆ. ಆಗ ವರಸೆ ಬದಲಾಯಿತು. "ಹಣ ಬಂದದ್ದು ನಿಮಗೆ ಗೊತ್ತಿತ್ತಾ? ಹೇಳಿದ್ದು ಯಾರು? ಅದಕ್ಕೇ ಚಾರ್ಜು." ಕೊನೆಗೆ, ಅಂಗಡಿಯಲ್ಲಿದ್ದ ನಾಲ್ಕು ಜನರ ಎದುರು ನಗುತ್ತಾ, "ಅಡಿಕೆಗೆ ಒಳ್ಳೇ ರೇಟಿದೆ, ಎರಡು ಸಾವಿರಕ್ಕೆ ಇಷ್ಟು ಗಲಾಟೆಯಾ?" ಹಣಕ್ಕಿಂತ ಆ ನಗು ಜಾಸ್ತಿ ಉರಿಸಿತು.

ಅವನಿಗೆ ಒಳಗೆ ಯಾರ ಗುರುತೂ ಬೇಕಿಲ್ಲ. ರಾಜ್ಯ ಸರ್ಕಾರದ ಪರಿಹಾರ ಪೋರ್ಟಲ್‌ನಲ್ಲಿ ಊರುವಾರು ಪಟ್ಟಿ ಎಲ್ಲರಿಗೂ ಕಾಣುತ್ತದೆ. ಆಧಾರ್ ನಂಬರ್ ಹಾಕಿದರೆ ಹಣ ಬಂತೋ ಇಲ್ಲವೋ ಗೊತ್ತಾಗುತ್ತದೆ. ನಮ್ಮ ಆಧಾರ್, ಮೊಬೈಲ್ ನಂಬರ್ ಎರಡೂ ಅವನ ಹತ್ತಿರ ಇದ್ದೇ ಇವೆ! ನಾವು ನೋಡದ ಪಟ್ಟಿಯನ್ನು ಅವನು ಕೂತು ನೋಡುತ್ತಾನೆ, ಹಣ ಬಂದೂ ಗೊತ್ತಿಲ್ಲದವರನ್ನು ಆರಿಸುತ್ತಾನೆ.

ಸಹಾಯಧನ ಯಾರಿಗೆ ಹೋಯಿತು ಅನ್ನುವುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ವೆಬ್‌ಸೈಟಿನಲ್ಲಿ ಹಾಕಿ ಸುಮ್ನೆ ಕೂತರೆ ಆಯಿತಾ? ನೆಟ್‌ವರ್ಕೇ ಸಿಗದ ನಮ್ಮ ಕೇರಿಯಲ್ಲಿ ಒಂದು ಹಾಳೆ ಪ್ರಿಂಟ್ ತೆಗೆದು ಪಂಚಾಯ್ತಿ ಗೋಡೆಗೆ ಅಂಟಿಸಿದ್ದರೆ ಇವನ ಆಟ ನಡೆಯುತ್ತಿರಲಿಲ್ಲ.

ನೀವು ಬರೆದುಕೊಟ್ಟ ಖಾತೆ ನಂಬರಿಗೇ ಹಣ ಬರುತ್ತದೆ ಅಂತ ಕಾಯಬೇಡಿ. ಆಧಾರ್‌ಗೆ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ) ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಕೇಳಿದರೆ ಹೇಳುತ್ತಾರೆ. ಮೊಬೈಲ್ ಹಿಡಿದು ಕೂತ ಮಕ್ಕಳಿಗೆ ಪೋರ್ಟಲ್ ತೆಗೆಯಲು ಹೇಳಿ, ಅಂಗಡಿಗೆ ಹೋಗಬೇಡಿ.

ಮೊನ್ನೆ ನಮ್ಮ ಪಕ್ಕದ ಮನೆಯವರಿಗೂ ಅವನ ಫೋನ್ ಬಂದಿದೆ. ಈ ಸಲ ಎರಡೂವರೆ ಸಾವಿರ ಅಂತೆ. ಪಟ್ಟಿ ತೆಗೆದು ನೋಡಿದೆವು, ಅವರದ್ದೂ ಜಮಾ ಆಗಿದೆ.