ಸ್ಟೀರಿಂಗ್ ಸಡಿಲವಾಗಿದೆ ಎಂದು ಮೊದಲೇ ರ‍್ಯಾಕ್ ನಟ್ ಬಿಗಿ ಮಾಡಿಸಬೇಡಿ

ಹಳೆಯ ಕಾರಿನ ಸ್ಟೀರಿಂಗ್‌ನಲ್ಲಿ ಪ್ಲೇ, ಅಂದರೆ ತಿರುಗಿಸಿದರೂ ಚಕ್ರ ಅಲುಗದ ಸಡಿಲ ಇದೆ ಎಂದು ಹೇಳಿದ ಕೂಡಲೇ ಕೆಳಗೆ ನುಗ್ಗಿ ರ‍್ಯಾಕ್‌ನ (ಸ್ಟೀರಿಂಗ್ ತಿರುಗಿದಂತೆ ಅಕ್ಕಪಕ್ಕ ಸರಿದು ಮುಂದಿನ ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು) ಅಡ್ಜಸ್ಟಿಂಗ್ ನಟ್ ಬಿಗಿ ಮಾಡುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಪ್ಲೇ ಎಲ್ಲಿದೆ ಎಂದು ಕಣ್ಣಾರೆ ನೋಡದೆ ಆ ನಟ್‌ಗೆ ಸ್ಪ್ಯಾನರ್ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಹದಿನೈದು ವರ್ಷ ದಾಟಿದ ಒಂದು ಹ್ಯಾಚ್‌ಬ್ಯಾಕ್‌ಗೆ ಆದದ್ದನ್ನು ಕೇಳಿ.

ನೇರ ರಸ್ತೆಯಲ್ಲಿ ಸ್ಟೀರಿಂಗನ್ನು ಎರಡು ಬೆರಳಿನ ಅಗಲಕ್ಕಿಂತ ಹೆಚ್ಚು ಆಡಿಸಿದರೂ ಆ ಕಾರು ದಿಕ್ಕು ಬದಲಿಸುತ್ತಿರಲಿಲ್ಲ. ಸಣ್ಣ ಗುಂಡಿಗೆ ಇಳಿದರೆ ಪೆಡಲ್‌ಗಳ ಹತ್ತಿರ ಟಕ್ ಎಂಬ ಸದ್ದು. ಗ್ಯಾರೇಜಿನಲ್ಲಿ ನಟ್ ಬಿಗಿ ಮಾಡಿ ಕಳಿಸಿದರು. ಸ್ಟೀರಿಂಗ್ ಭಾರವಾಯಿತು, ಭಾರವಾದದ್ದೇ ಗಟ್ಟಿಯಾದಂತೆ ಅನ್ನಿಸಿತು. ತಿರುವುಗಳಲ್ಲಿ ನಿಜ ಗೊತ್ತಾಯಿತು. ತಿರುಗಿಸಿದ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ಕೈಯಿಂದ ಎಳೆದು ತರಬೇಕಿತ್ತು, ತುಸು ಹೆಚ್ಚು ಎಳೆದರೆ ಕಾರು ಇನ್ನೊಂದು ಬದಿಗೆ ಹೋಗುತ್ತಿತ್ತು. ಎದುರಿನಿಂದ ವಾಹನ ಬರುವ ತಿರುವಿನಲ್ಲಿ ಇದು ಜೀವಕ್ಕೆ ಅಪಾಯ. ಆಮೇಲೆ ‘ರ‍್ಯಾಕ್ ಹೋಗಿದೆ’ ಎಂದು ಇಡೀ ರ‍್ಯಾಕನ್ನೇ ಬದಲಾಯಿಸಿದರು. ಪ್ಲೇ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಕೊನೆಗೆ ದೋಷ ಸಿಕ್ಕಿದ್ದು ಸ್ಟೀರಿಂಗ್ ಕಾಲಂಗೂ (ಸ್ಟೀರಿಂಗ್‌ನಿಂದ ಕೆಳಗಿಳಿಯುವ ಕಂಬಿ) ರ‍್ಯಾಕ್‌ಗೂ ನಡುವೆ ಇರುವ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್‌ನಲ್ಲಿ, ಅಂದರೆ ಓರೆಯಾಗಿದ್ದರೂ ತಿರುಗುವಿಕೆಯನ್ನು ದಾಟಿಸುವ ಕೀಲಿನಲ್ಲಿ. ಜೊತೆಗೆ ಎಡಗಡೆಯ ಟೈ ರಾಡ್ ಎಂಡ್ (ರ‍್ಯಾಕ್‌ನಿಂದ ಚಕ್ರಕ್ಕೆ ಹೋಗುವ ಸರಳಿನ ಹೊರತುದಿಯ ಕೀಲು) ಸವೆದಿತ್ತು. ಎರಡೂ ಸೇರಿದರೂ ರ‍್ಯಾಕ್‌ನ ಖರ್ಚಿನ ಹತ್ತಿರ ಬರುವುದಿಲ್ಲ.

ಆ ನಟ್‌ನ ಕೆಲಸ ಏನೆಂದು ತಿಳಿದರೆ ಇದು ಯಾಕೆ ಹೀಗಾಯಿತು ಎಂದು ಅರ್ಥವಾಗುತ್ತದೆ. ರ‍್ಯಾಕ್‌ನ ಬೆನ್ನಿಗೆ ಒಂದು ಪ್ಯಾಡ್ ಮತ್ತು ಸ್ಪ್ರಿಂಗ್ ಕುಳಿತು ಅದನ್ನು ಪಿನಿಯನ್ (ಸ್ಟೀರಿಂಗ್ ಶಾಫ್ಟ್‌ನ ತುದಿಯ ಸಣ್ಣ ಗೇರ್) ಹಲ್ಲುಗಳಿಗೆ ಒತ್ತಿ ಹಿಡಿದಿರುತ್ತವೆ. ಎಷ್ಟು ಒತ್ತಬೇಕು ಎಂಬುದನ್ನು ನಟ್ ನಿರ್ಧರಿಸುತ್ತದೆ, ಅಷ್ಟೇ. ಜಾಯಿಂಟ್‌ಗಳ ಸವೆತಕ್ಕೂ ಅದಕ್ಕೂ ಸಂಬಂಧವಿಲ್ಲ. ರ‍್ಯಾಕ್ ನಿಜವಾಗಿ ಸವೆದಿದ್ದರೂ ಎಚ್ಚರ ಬೇಕು: ಕಾರು ಬಹುಪಾಲು ನೇರವಾಗಿಯೇ ಓಡುವುದರಿಂದ ನಡುವಿನ ಹಲ್ಲುಗಳು ಸವೆಯುತ್ತವೆ, ತುದಿಯ ಹಲ್ಲುಗಳು ಹೊಸದರಂತೆ ಇರುತ್ತವೆ. ನಡುವಿನ ಸಡಿಲ ಹೋಗುವಷ್ಟು ಬಿಗಿ ಮಾಡಿದರೆ ತಿರುಗಿಸಿದಾಗ ಹಿಡಿದುಕೊಳ್ಳುತ್ತದೆ. ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆ) ಬಿಗಿದು, ಅದು ಹೇಳಿದಷ್ಟು ಡಿಗ್ರಿ ಹಿಂದಕ್ಕೆ ಬಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪೂರ್ತಿ ತಿರುಗಿಸಿ ನೋಡದೆ ಆ ಕಾರನ್ನು ರಸ್ತೆಗೆ ಇಳಿಸಬಾರದು.

ಹಾಗಾದರೆ ಪ್ಲೇ ಹುಡುಕುವುದು ಹೇಗೆ? ಮೊದಲು ಅಳೆಯಿರಿ. ಕಾರು ಸಮನೆಲದಲ್ಲಿ ನಿಂತಿರಲಿ, ಮುಂದಿನ ಚಕ್ರಗಳು ನೇರವಾಗಿ ನೆಲದ ಮೇಲೆಯೇ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಬೇಕು. ಇದನ್ನು ಬಹಳ ಮಂದಿ ಬಿಡುತ್ತಾರೆ: ಎಂಜಿನ್ ನಿಂತಿರುವಾಗ ಸ್ಟೀರಿಂಗ್ ತಿರುಗಿಸಿದರೆ ಒಳಗಿನ ಟಾರ್ಷನ್ ಬಾರ್ ಎಂಬ ತೆಳು ಸರಳು ಸ್ವಲ್ಪ ತಿರುಚಿಕೊಳ್ಳುತ್ತದೆ, ಅದೇ ಪ್ಲೇ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ಸ್ಟೀರಿಂಗ್‌ನ ಅಂಚಿಗೆ ಚೂರು ಟೇಪ್ ಅಂಟಿಸಿ, ಪಕ್ಕದಲ್ಲಿ ಸ್ಕೇಲ್ ಹಿಡಿದು, ಬೆರಳ ತುದಿಯಿಂದ ಎಡಕ್ಕೂ ಬಲಕ್ಕೂ ಆಡಿಸಿ. ಟೈರು ಅಲುಗಲು ಶುರುವಾಗುವ ಎರಡು ಬಿಂದುಗಳ ನಡುವಿನ ಅಂತರವೇ ಪ್ಲೇ. ಎಷ್ಟೋ ಕಾರುಗಳ ಮ್ಯಾನ್ಯುಯಲ್‌ನಲ್ಲಿ ಇದಕ್ಕೆ 30 ಮಿ.ಮೀ. ಮಿತಿ ಕೊಟ್ಟಿರುತ್ತಾರೆ, ಗಟ್ಟಿಯಾಗಿರುವ ರ‍್ಯಾಕ್‌ನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ.

ಈಗ ಇನ್ನೊಬ್ಬರು ಬೇಕು. ಅವರು ಒಳಗೆ ಕುಳಿತು ಸ್ಟೀರಿಂಗನ್ನು ಆ ಅಂತರಕ್ಕಿಂತ ತುಸು ಹೆಚ್ಚು, ಬೇಗ ಬೇಗ ಆಚೀಚೆ ಆಡಿಸುತ್ತಿರಲಿ. ನೀವು ಸ್ಟೀರಿಂಗ್‌ನಿಂದ ಚಕ್ರದವರೆಗೆ ಒಂದೊಂದೇ ಜೋಡಣೆಯ ಮೇಲೆ ಕೈಯಿಟ್ಟು ನೋಡುತ್ತ ಹೋಗಿ. ಒಂದು ಕಡೆ ಚಲನೆ ಇದ್ದು ಅದರ ಆಚೆ ಬದಿಗೆ ತಡವಾಗಿ ತಲುಪಿದರೆ ದೋಷ ಅಲ್ಲಿದೆ. ಕಾಲಂ ಕೆಳಗಿನ ಶಾಫ್ಟ್‌ನ ಎರಡೂ ಯೂನಿವರ್ಸಲ್ ಜಾಯಿಂಟ್‌ಗಳನ್ನು, ಅವನ್ನು ಬಿಗಿಯುವ ಬೋಲ್ಟ್‌ಗಳನ್ನು ಮೊದಲು ನೋಡಿ. ಆ ಬೋಲ್ಟ್ ಸಡಿಲವಾಗಿದ್ದರೆ ಕಾರನ್ನು ಅಲ್ಲಿಂದ ಕದಲಿಸಬೇಡಿ. ಆಮೇಲೆ ರ‍್ಯಾಕ್ ಬಾಡಿಯನ್ನು ಹಿಡಿದಿರುವ ಮೌಂಟ್‌ಗಳು: ಪವರ್ ಸ್ಟೀರಿಂಗ್ ಆಯಿಲ್ ಸೋರಿ ನೆನೆದ ರಬ್ಬರ್ ಉಬ್ಬಿ ಮೆತ್ತಗಾಗಿರುತ್ತದೆ, ಇಡೀ ರ‍್ಯಾಕೇ ಆಚೀಚೆ ಸರಿಯುವುದು ಕಾಣುತ್ತದೆ. ರ‍್ಯಾಕ್ ಎಂಡ್ (ಟೈ ರಾಡ್‌ನ ಒಳತುದಿಯ ಕೀಲು) ಬೂಟಿನ, ಅಂದರೆ ರಬ್ಬರ್ ಕವಚದ ಒಳಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಬೂಟನ್ನು ಅಮುಕಿ ಬೆರಳಿಗೆ ಟಕ್ ಟಕ್ ತಾಗುತ್ತದೆಯೇ ನೋಡಿ. ಟೈ ರಾಡ್ ಎಂಡ್‌ನಲ್ಲಿ ಅರ್ಧ ಬೆರಳು ಎಂಡ್‌ನ ಮೇಲೆ, ಅರ್ಧ ಅದು ಸೇರುವ ಆರ್ಮ್‌ನ ಮೇಲೆ ಇಟ್ಟರೆ ಸಣ್ಣ ಸಡಿಲವೂ ಗೊತ್ತಾಗುತ್ತದೆ. ರಾಡನ್ನು ಹಿಡಿದು ತಿರುಚಿದರೆ ತುಸು ಹೊರಳುವುದು ಸಹಜ, ಅದನ್ನು ತೋರಿಸಿ ಹೊಸ ಪಾರ್ಟ್ ಹಾಕಿಸುವವರನ್ನು ನಂಬಬೇಡಿ. ಮೇಲೆ ಕೆಳಗೆ ಅಥವಾ ಅಕ್ಕಪಕ್ಕ ಆಟ ಇದ್ದರೆ ಮಾತ್ರ ಅದು ಸವೆದಿದೆ. ಇದನ್ನೆಲ್ಲ ರ‍್ಯಾಂಪ್ ಅಥವಾ ಪಿಟ್ ಮೇಲೆ ಮಾಡಿ, ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ. ಚಾಲೂ ಇರುವ ಎಂಜಿನ್‌ನ ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ, ಬಟ್ಟೆ ದೂರವಿರಲಿ.

ಚಕ್ರ ಎತ್ತಿ ನೋಡುವುದು ಇದಾದ ಮೇಲೆ. ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್ ಕಡೆಗೆ ನೋಡಿ. 12 ಮತ್ತು 6ರಲ್ಲಿ ಹಿಡಿದಾಗ ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್ ತೋಳಿಗೆ ಸೇರಿಸುವ ಗುಂಡುಕೀಲು). ಎರಡರಲ್ಲಿ ಯಾವುದು ಎಂದು ತಿಳಿಯಲು ಒಳಗಿರುವವರು ಬ್ರೇಕ್ ಒತ್ತಿ ಹಿಡಿಯಲಿ: ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಬೀಳುತ್ತದೆ, ಆದ್ದರಿಂದ ಆ ಕಾರನ್ನು ಓಡಿಸಿಕೊಂಡು ಅಲ್ಲ, ಹೇರಿಸಿಕೊಂಡು ಗ್ಯಾರೇಜಿಗೆ ಒಯ್ಯಬೇಕು.

ರ‍್ಯಾಕ್ ಬದಲು ಸ್ಟೀರಿಂಗ್ ಬಾಕ್ಸ್ ಇರುವ ಹಳೆಯ ಜೀಪು, ದೊಡ್ಡ ಗಾಡಿಗಳಲ್ಲೂ ಇದೇ ಅಡ್ಡದಾರಿ ಇದೆ, ಬಾಕ್ಸ್ ಮೇಲಿನ ಸ್ಕ್ರೂ ತಿರುಗಿಸುವುದು. ಅಲ್ಲಿ ಜಾಯಿಂಟ್‌ಗಳೂ ಹೆಚ್ಚು. ಪಿಟ್‌ಮನ್ ಆರ್ಮ್, ಐಡ್ಲರ್ ಆರ್ಮ್, ಡ್ರ್ಯಾಗ್ ಲಿಂಕ್ ಹೀಗೆ ಬಾಕ್ಸ್‌ನಿಂದ ಚಕ್ರದವರೆಗಿನ ತೋಳು, ಸರಳು ಎಲ್ಲವನ್ನೂ ನೋಡಿದ ಮೇಲಷ್ಟೇ ಬಾಕ್ಸ್‌ಗೆ ಕೈ ಹಾಕಬೇಕು. ಹಾಕಿದರೂ ಚಕ್ರ ನೇರವಿದ್ದಾಗ ಮಾತ್ರ, ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಬೇಡ. ಈ ಬಾಕ್ಸ್‌ಗಳ ಹಲ್ಲು ನಡುವಿನಲ್ಲಿ ಬಿಗಿಯಾಗಿ, ಆಚೀಚೆ ಸಡಿಲವಾಗಿ ಇರುವಂತೆಯೇ ಮಾಡಿರುತ್ತಾರೆ. ತಿರುಗಿಸಿಟ್ಟು ಬಿಗಿ ಮಾಡಿದರೆ ನೇರಕ್ಕೆ ಬರುವಾಗ ಹಿಡಿದುಕೊಂಡು ಹಲ್ಲೇ ಹಾಳಾಗುತ್ತದೆ.

ಇನ್ನು, ಪ್ಲೇ ಇಲ್ಲದೆಯೂ ಕಾರು ತೇಲಿದಂತೆ ಓಡುವುದುಂಟು. ಸ್ಟೀರಿಂಗ್ ಆಡಿಸಿದ ತಕ್ಷಣ ಟೈರು ಅಲುಗುತ್ತದೆ, ಆದರೂ ರಸ್ತೆಯಲ್ಲಿ ಕಾರು ನೇರ ನಿಲ್ಲುವುದಿಲ್ಲ. ಆಗ ರ‍್ಯಾಕ್ ಕಡೆ ನೋಡುವುದೇ ವ್ಯರ್ಥ. ತಣ್ಣಗಿರುವಾಗ ಟೈರಿನ ಗಾಳಿ ನೋಡಿ. ಟೈರಿನ ಪಕ್ಕದಲ್ಲಿ ಉಬ್ಬು ಇದೆಯೇ ನೋಡಿ. ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಹಿಂದಿನ ರಬ್ಬರ್ ಬುಷ್ ಹರಿದಿದ್ದರೆ ಬ್ರೇಕ್ ಒತ್ತಿದಾಗ ಒಂದು ಬದಿಗೆ, ಆಕ್ಸಿಲರೇಟರ್ ಒತ್ತಿದಾಗ ಇನ್ನೊಂದು ಬದಿಗೆ ಎಳೆಯಬಹುದು. ಪ್ರೈ ಬಾರ್ ಹಾಕಿ ಮೀಟಿದರೆ ರಬ್ಬರಿನ ಬಿರುಕು ಬಾಯಿ ತೆರೆಯುತ್ತದೆ. ಹಿಂದಿನ ಆಕ್ಸಲ್ ಬುಷ್ ಮರೆತೇ ಹೋಗುವ ಜಾಗ. ಅದು ಹೋದರೆ ಹಿಂದಿನ ಚಕ್ರಗಳೇ ಕಾರನ್ನು ಅತ್ತಿತ್ತ ತಿರುಗಿಸುತ್ತವೆ, ಚಾಲಕರಿಗೆ ಮಾತ್ರ ಸ್ಟೀರಿಂಗ್ ಸಡಿಲವಾದಂತೆ ಅನ್ನಿಸುತ್ತದೆ.

ಬದಲಾಯಿಸುವಾಗ ನಿಂತು ನೋಡಬೇಕಾದದ್ದು ಮೂರು ಕಡೆ. ಟೈ ರಾಡ್ ಎಂಡ್ ಬಿಚ್ಚುವ ಮುನ್ನ ಹೊರಗೆ ಕಾಣುವ ಥ್ರೆಡ್ಡನ್ನು ಅಳೆದಿಟ್ಟು ಹೊಸದನ್ನೂ ಅಷ್ಟಕ್ಕೇ ಕೂರಿಸಬೇಕು. ಕಳಚದಂತೆ ಸ್ಪ್ಲಿಟ್ ಪಿನ್ ಹಾಕುವ ನಟ್‌ನಲ್ಲಿ ತೂತು ಸರಿಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಬೇಕು, ಸಡಿಲಿಸಬಾರದು; ಹಳೆಯ ಪಿನ್ ಮತ್ತೆ ಹಾಕಬಾರದು. ಶಾಫ್ಟ್ ಅಥವಾ ರ‍್ಯಾಕ್ ಬಿಚ್ಚುವ ಮುಂಚೆ ಸ್ಟೀರಿಂಗನ್ನು ನೇರಕ್ಕೆ ತಂದು ಅಲುಗದಂತೆ ಕಟ್ಟಬೇಕು, ಇಲ್ಲವಾದರೆ ಅದು ಸುತ್ತು ತಿರುಗಿ ಏರ್‌ಬ್ಯಾಗ್‌ನ ಸುರುಳಿ ಕೇಬಲ್ ತುಂಡಾಗುತ್ತದೆ. ಮೇಲೆ ಹೇಳಿದ ಕಾರಿನಲ್ಲಿ ಹೊಸ ರ‍್ಯಾಕನ್ನು ನಡುವಿಗೆ ತರದೆ ಕೂರಿಸಿದ್ದರಿಂದ ಸ್ಟೀರಿಂಗ್ ಓರೆಯಾಗಿ ನಿಂತಿತ್ತು, ಆ ಸ್ಟೀರಿಂಗನ್ನೇ ಕಿತ್ತು ನೇರ ಕಾಣುವಂತೆ ಮತ್ತೆ ಹಾಕಿ ಕೊಟ್ಟಿದ್ದರು. ಹಾಗೆ ಮಾಡಿದರೆ ಒಂದು ಕಡೆ ಚಕ್ರ ಹೆಚ್ಚು ತಿರುಗುತ್ತದೆ, ಇನ್ನೊಂದು ಕಡೆ ಕಡಿಮೆ. ಸ್ಟೀರಿಂಗ್ ನೇರ ಮಾಡಬೇಕಾದದ್ದು ಎರಡೂ ಟೈ ರಾಡ್‌ಗಳಿಂದ, ಚಕ್ರಗಳ ಕೋನ ಅಳೆಯುವ ಅಲೈನ್‌ಮೆಂಟ್ ಮೆಷಿನ್ ಮೇಲೆ, ಎಲ್ಲ ಸಡಿಲ ಪಾರ್ಟ್‌ಗಳನ್ನು ಬದಲಾಯಿಸಿದ ನಂತರ. ಪ್ಲೇ ಉಳಿಸಿಕೊಂಡು ಮಾಡಿಸಿದ ಅಲೈನ್‌ಮೆಂಟ್‌ನ ಅಂಕಿಗಳು ಕಾರು ಮೆಷಿನ್‌ನಿಂದ ಇಳಿದ ಕೂಡಲೇ ಬದಲಾಗುತ್ತವೆ.