ಕೆಮಿಸ್ಟ್ ಕಪಾಟಿನ ಗಾಬರಿ ಗುಳಿಗೆಗಳು: ಯಾವುದಕ್ಕೆ ಎಷ್ಟು ಅಂಕ

ಮುಂಬೈಯ ಮಾತುಂಗಾದಿಂದ ಡೊಂಬಿವಲಿಯವರೆಗೆ ಯಾವ ಕೆಮಿಸ್ಟ್ ಅಂಗಡಿಯಲ್ಲಿ ವಿಚಾರಿಸಿದರೂ ಆತಂಕಕ್ಕೆಂದು ಸಿಗುವ ಸ್ಟ್ರಿಪ್ ಒಂದಿದೆ: ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ, ಕ್ಲೋನಾಜೆಪಾಮ್ 0.5 ಮಿ.ಗ್ರಾಂ, ಎರಡೂ ಸೇರಿದ ಒಂದೇ ಗುಳಿಗೆ. ಇಡೀ ಕಪಾಟಿನಲ್ಲಿ ಅತಿ ಕಡಿಮೆ ಅಂಕ ಇದಕ್ಕೇ. ಎರಡೂ ಔಷಧಿಗಳು ಬಿಡಿಯಾಗಿ ಒಳ್ಳೆಯವೇ, ಜೋಡಿ ಹೊಂದುವುದಿಲ್ಲ ಅಷ್ಟೆ. ಮೊದಲನೆಯದು ತಿಂಗಳುಗಟ್ಟಲೆ ಬೇಕು. ಎರಡನೆಯದು ಎರಡರಿಂದ ನಾಲ್ಕು ವಾರ ದಾಟಬಾರದು. ಗುಳಿಗೆ ಮುರಿದರೆ ಎರಡೂ ಅರ್ಧವಾಗುತ್ತವೆ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಇಳಿಸುವ ದಾರಿಯೇ ಇಲ್ಲ. ‘ಬೇರೆ ಬೇರೆ ಬರೆದುಕೊಡಿ’ ಎಂದು ಡಾಕ್ಟರರನ್ನು ಕೇಳಲು ಸಂಕೋಚ ಬೇಡ.

ಎಸ್ಸಿಟಾಲೋಪ್ರಾಮ್ ಒಂದನ್ನೇ ನೋಡಿದರೆ ಕಥೆ ಬೇರೆ. ಸಾಮಾನ್ಯ ಆತಂಕ, ಪ್ಯಾನಿಕ್ (ಇದ್ದಕ್ಕಿದ್ದಂತೆ ಎರಗುವ ತೀವ್ರ ಗಾಬರಿ), ಜನರೆದುರು ಬರುವ ಭಯ ಮೂರಕ್ಕೂ ಮೊದಲ ಆಯ್ಕೆಯ ಗುಂಪಿನದು. 5 ಮಿ.ಗ್ರಾಂನಿಂದ ಶುರುಮಾಡಿ ಒಂದೆರಡು ವಾರದಲ್ಲಿ 10ಕ್ಕೆ ಏರಿಸುವುದು ವಾಡಿಕೆ; ಗರಿಷ್ಠ 20, ಅರವತ್ತೈದು ದಾಟಿದವರಿಗೆ 10. ಇದರ ದೊಡ್ಡ ದೋಷವೆಂದರೆ ಮೊದಲ ಎರಡು ವಾರ. ವಾಕರಿಕೆ, ಹೊಟ್ಟೆ ಸಡಿಲ, ಕೆಲವರಿಗೆ ಚಡಪಡಿಕೆ ಇನ್ನಷ್ಟು ಜಾಸ್ತಿ. ‘ಔಷಧಿ ಒಗ್ಗಲಿಲ್ಲ’ ಎಂದು ಬಿಡುವವರು ಬಿಡುವುದು ಈ ಹಂತದಲ್ಲೇ, ಗುಣ ಕಾಣುವುದಕ್ಕೆ ಸ್ವಲ್ಪ ಮೊದಲು. ತಿಂಡಿಯ ನಂತರ ತಗೊಂಡರೆ ವಾಕರಿಕೆ ಕಡಿಮೆ. ಎರಡನೇ ವಾರದಿಂದ ನಾಲ್ಕನೇ ವಾರದೊಳಗೆ ಬದಲಾವಣೆ ಶುರು, ಪೂರ್ತಿ ತೀರ್ಪಿಗೆ ಆರರಿಂದ ಎಂಟು ವಾರ ಕಾಯಬೇಕು. ಲೈಂಗಿಕ ಆಸಕ್ತಿ ತಗ್ಗುವುದು, ಸ್ಖಲನ ತಡವಾಗುವುದು ಅಪರೂಪವಲ್ಲ. ಡಾಕ್ಟರರು ಹೇಳುವುದಿಲ್ಲ, ಗಂಡಸರು ಕೇಳುವುದಿಲ್ಲ, ಗುಳಿಗೆ ಮಾತ್ರ ಸದ್ದಿಲ್ಲದೆ ನಿಂತುಬಿಡುತ್ತದೆ! ಮಂಡಿನೋವಿಗೆ ಐಬುಪ್ರೊಫೆನ್ ನುಂಗುವ ಹಿರಿಯರಿಗೆ ಜೊತೆಯಲ್ಲಿ ಹೊಟ್ಟೆಯ ರಕ್ತಸ್ರಾವದ ಅಪಾಯ ಹೆಚ್ಚು. ಅವರ ಸೋಡಿಯಂ ಕೂಡ ಇಳಿಯಬಹುದು. ಮಂಪರು, ಗೊಂದಲ ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಇಪ್ಪತ್ತೈದರ ಒಳಗಿನವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಬರುತ್ತಿದೆಯೇ ಎಂದು ಮನೆಯವರು ಗಮನಿಸಲೇಬೇಕು.

ಸರ್ಟ್ರಾಲಿನ್‌ಗೂ ಹೆಚ್ಚುಕಡಿಮೆ ಅಷ್ಟೇ ಅಂಕ: 25ರಿಂದ 50 ಮಿ.ಗ್ರಾಂ, ಬೇಕಾದರೆ 200ರವರೆಗೆ. ಹಾಲೂಡಿಸುವ ತಾಯಂದಿರಿಗೆ ಸಾಮಾನ್ಯವಾಗಿ ಇದನ್ನೇ ಆರಿಸುತ್ತಾರೆ. ಪ್ಯಾರಾಕ್ಸೆಟಿನ್ ಕೆಲಸ ಮಾಡುತ್ತದೆ, ಆದರೆ ತೂಕ ಏರಿಸುತ್ತದೆ, ಬಿಡುವಾಗ ಕಾಡುತ್ತದೆ. ವೆನ್ಲಾಫ್ಯಾಕ್ಸಿನ್ ತಗೊಳ್ಳುವವರು ಬಿ.ಪಿ. ನೋಡಿಸಿಕೊಳ್ಳುತ್ತಿರಬೇಕು.

ಕ್ಲೋನಾಜೆಪಾಮ್ ಒಂದು ಗಂಟೆಯೊಳಗೆ ಎದೆಯ ಢವಢವ ತಣಿಸುತ್ತದೆ. ಜನ ಮರುಳಾಗುವುದೂ ಅದಕ್ಕೇ. ಎಸ್ಸಿಟಾಲೋಪ್ರಾಮ್‌ನಂಥ ಮುಖ್ಯ ಔಷಧಿ ಹಿಡಿಯುವವರೆಗೆ ಊರುಗೋಲಾಗಿ 0.25 ಅಥವಾ 0.5 ಸರಿ. ತಿಂಗಳುಗಟ್ಟಲೆ ತಗೊಂಡು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಹಾರುತ್ತದೆ, ಗಾಬರಿ ದುಪ್ಪಟ್ಟಾಗುತ್ತದೆ, ಫಿಟ್ಸ್ ಕೂಡ ಬರಬಹುದು. ಇಳಿಸುವಾಗ 0.25ರ ಗುಳಿಗೆಯನ್ನು ಅರ್ಧ ಮಾಡಿ 0.125ರ ಸಣ್ಣ ಮೆಟ್ಟಿಲುಗಳನ್ನು ಡಾಕ್ಟರರಿಂದ ಬರೆಸಿಕೊಳ್ಳಿ. ಮದ್ಯದ ಜೊತೆ ಇದು ಉಸಿರಿಗೇ ಕುತ್ತು; ಗೋವಾ ಟ್ರಿಪ್ಪಿಗೂ ಇದಕ್ಕೂ ಆಗಿಬರುವುದಿಲ್ಲ. ರಾತ್ರಿ ನುಂಗಿ ಬೆಳಗಿನ ಲೋಕಲ್‌ನಲ್ಲಿ ಬಾಗಿಲಿಗೆ ಜೋತುಬೀಳುವವರೂ ಯೋಚಿಸಬೇಕು. ಇದೇ ಗುಂಪಿನ ಅಲ್ಪ್ರಾಜೊಲಾಮ್‌ನ ಪರಿಣಾಮ ಇನ್ನೂ ಬೇಗ ಇಳಿಯುವುದರಿಂದ ಮತ್ತೆ ಬೇಕೆನಿಸುವುದೂ ಬೇಗ.

ಪ್ರೊಪ್ರನೊಲಾಲ್‌ಗೆ ಸೀಮಿತ ಮೆಚ್ಚುಗೆ. ವೇದಿಕೆ ಹತ್ತುವ ಒಂದು ಗಂಟೆ ಮೊದಲು 10ರಿಂದ 40 ಮಿ.ಗ್ರಾಂ: ಕೈನಡುಕ, ಎದೆಬಡಿತ ನಿಲ್ಲುತ್ತವೆ, ಒಳಗಿನ ಚಿಂತೆ ಹಾಗೇ ಇರುತ್ತದೆ. ಆಸ್ತಮಾ ಇದ್ದರೆ ಕೂಡದು. ಇನ್ಸುಲಿನ್ ತಗೊಳ್ಳುವವರಿಗೆ ಶುಗರ್ ಇಳಿದ ಸೂಚನೆಯನ್ನೇ ಮುಚ್ಚಿಹಾಕುತ್ತದೆ.

ಬಸ್ಪಿರೋನ್ ಚಟ ಹಿಡಿಸದು, ಆದರೆ ದಿನಕ್ಕೆ ಎರಡು ಮೂರು ಸಲ ತಪ್ಪದೆ ಬೇಕು. ಪ್ರೆಗಾಬಾಲಿನ್ ತಲೆ ತಿರುಗಿಸುತ್ತದೆ, ಕಿಡ್ನಿ ನೋಡಿ ಪ್ರಮಾಣ ನಿರ್ಧರಿಸಬೇಕು. ಹೈಡ್ರಾಕ್ಸಿಜಿನ್ ಆತಂಕ ತಗ್ಗಿಸುತ್ತದೆ, ಆದರೆ ನಿದ್ದೆ ತರಿಸುತ್ತದೆ.

ಇವೆಲ್ಲಕ್ಕೂ ಮೊದಲು ಥೈರಾಯ್ಡ್ ಪರೀಕ್ಷೆ; ಥೈರಾಯ್ಡ್ ಅತಿಯಾದರೂ ಇದೇ ನಡುಕ, ಇದೇ ಬೆವರು. ಖಾಸಗಿ ಕ್ಲಿನಿಕ್ಕಿನ ಫೀಸು ಭಾರವೆನಿಸಿದರೆ ಪರೇಲ್‌ನ ಕೆಇಎಂ, ಸಾಯನ್ ಮತ್ತು ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ಹೊರರೋಗಿ ವಿಭಾಗವಿದೆ. ಕನ್ನಡದಲ್ಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಜನೌಷಧಿ ಕೇಂದ್ರದ ಜೆನೆರಿಕ್ ಅಗ್ಗ. ಪ್ರತಿ ತಿಂಗಳೂ ಕಂಪನಿ ಬದಲಿಸದೆ ಒಂದನ್ನೇ ಹಿಡಿದರೆ ಗುಳಿಗೆಯ ಬಣ್ಣ ನೋಡಿ ಗೊಂದಲವಾಗುವುದಿಲ್ಲ.

ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ನಂಥವನ್ನು ಗುಣವಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ವಾರಗಟ್ಟಲೆ ಇಳಿಸಬೇಕು. ಊರಿಗೆ ಹೋಗಲು ಮತ್ಸ್ಯಗಂಧ ರೈಲು ಹತ್ತುವ ಮೊದಲು ಒಂದು ಹೆಚ್ಚುವರಿ ಸ್ಟ್ರಿಪ್, ಚೀಟಿಯ ಪ್ರತಿ ಎರಡೂ ಚೀಲದಲ್ಲಿರಲಿ. ನಾಲ್ಕು ದಿನ ತಪ್ಪಿದರೂ ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದುಂಟು. ಅಲ್ಪ್ರಾಜೊಲಾಮ್‌ನಂಥವು ಶೆಡ್ಯೂಲ್ ಎಚ್1ರಲ್ಲಿ (ಕಟ್ಟುನಿಟ್ಟಿನ ಮಾರಾಟದ ಔಷಧಿಗಳ ಸರ್ಕಾರಿ ಪಟ್ಟಿ) ಇರುವುದರಿಂದ ಚೀಟಿಯಿಲ್ಲದೆ ಕೊಡುವಂತಿಲ್ಲ. ಕೊಟ್ಟ ಅಂಗಡಿಯವರು ರೋಗಿಯ ಹೆಸರು, ಡಾಕ್ಟರರ ಹೆಸರು ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.